ಕೊನೆಯ ಬಸ್ಸಿಗೆ ಮುಂಚೆ



ಕಾಲೇಜೊಂದರಲ್ಲಿ ‘ಸಮಯ ನಿರ್ವಹಣೆ’ ಅಂತ ಭಾಷಣ ಇತ್ತು. ಭಾಷಣಕಾರರು ಕಾರಿನಲ್ಲಿ ಬಂದರು, ಮುಕ್ಕಾಲು ಗಂಟೆ ತಡವಾಗಿ. ಬಡವನಿಗೂ ಸಾಹುಕಾರನಿಗೂ ದಿನಕ್ಕೆ 24 ಗಂಟೆಯೇ, ಅದೊಂದರಲ್ಲಿ ಮಾತ್ರ ದೇವರು ಭೇದ ಮಾಡಿಲ್ಲ ಎಂದರು. ಚಪ್ಪಾಳೆ ಬಿತ್ತು. ನಮ್ಮ ಹುಡುಗರೂ ಹೊಡೆದರು. ನಾಲ್ಕೂವರೆಗೆ ಏಳಿ, ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿ ಎಂದರು. ನಾಲ್ಕೂವರೆಗೆ ಏಳೋದನ್ನ ನಮಗೆ ಹೇಳಿಕೊಡಬೇಕಾ? ನಮ್ಮ ಅವ್ವಂದಿರು ಯಾವತ್ತು ನಾಲ್ಕೂವರೆ ದಾಟಿ ಮಲಗಿದ್ದರು?

ಅವತ್ತು ಸಂಜೆ ನಾವು ಒಬ್ಬ ಗೆಳೆಯನಿಗೆ ಒಂದು ಕೆಲಸ ಒಪ್ಪಿಸಿದೆವು. ಅವನು ಹಳೇಬೀಡಿನ ಆಚೆಗಿನ ಹಳ್ಳಿಯವನು, ಅರಸೀಕೆರೆಯಲ್ಲಿ ಬಿ.ಎ. ಓದುತ್ತಾನೆ. ಹಾಸ್ಟೆಲ್ ಸೀಟು ಸಿಕ್ಕಿಲ್ಲ, ಊರಿಂದಲೇ ಓಡಾಟ. ‘ಟೈಮ್‌ಟೇಬಲ್ ಆಮೇಲೆ ನೋಡೋಣ, ಮೊದಲು ಒಂದು ವಾರ ನಿನ್ನ ಗಂಟೆಗಳು ಎಲ್ಲಿಗೆ ಹೋದವು ಅಂತ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರಿ’ ಎಂದೆವು. ಡಿಸೆಂಬರ್‌ನ ಒಂದು ವಾರ ಅವನು ಬರೆದ.

ರಸ್ತೆಗೆ ನಡೆದದ್ದು, ಬಸ್ಸಿಗೆ ಕಾದದ್ದು, ತುಂಬಿದೆ ಅಂತ ನಿಲ್ಲಿಸದೆ ಹೋದ ಬಸ್ಸನ್ನು ನೋಡಿದ್ದು, ಜಾವಗಲ್ ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತದ್ದು, ಮತ್ತೆ ಸಂಜೆ ಅದೇ: ದಿನಕ್ಕೆ ನಾಲ್ಕೂಮುಕ್ಕಾಲು ಗಂಟೆ. ಐದು ದಿನಕ್ಕೆ ಇಪ್ಪತ್ತನಾಲ್ಕಕ್ಕೆ ಕಾಲು ಗಂಟೆ ಕಮ್ಮಿ. ಅಂದರೆ ದೇವರು ಭೇದವಿಲ್ಲದೆ ಕೊಟ್ಟ ಏಳು ದಿನದಲ್ಲಿ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಬಸ್ಸೇ ತಿಂದುಹಾಕಿತು. ಆರನೇ ದಿನ ಆದಾಯ ಪ್ರಮಾಣಪತ್ರಕ್ಕೆ ಅಲೆದ; ಆಮೇಲೆ ಬ್ಯಾಂಕಿಗೆ, ಯಾಕೆಂದರೆ ಖಾತೆಗೆ ಆಧಾರ್ ಸೇರಿಲ್ಲ, ಸೇರದೆ ಸ್ಕಾಲರ್‌ಶಿಪ್ ಬರಲ್ಲ. ಭಾನುವಾರ ಬೇಲೂರು ಕಡೆಯ ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಪಿಕಪ್ಪಿನಲ್ಲಿ ಹೋದ. ಕಾಫಿ ಹಣ್ಣಾಗೋದೂ ಪರೀಕ್ಷೆ ಹತ್ತಿರ ಬರೋದೂ ಒಂದೇ ಕಾಲಕ್ಕೆ. ಹಣ್ಣು ಕಾಯಲ್ಲ, ಪರೀಕ್ಷೆಯೂ ಕಾಯಲ್ಲ. ಅಪ್ಪನ ಸಾಲ ಮೊದಲೇ ಕಾಯಲ್ಲ.

ಓದಲು ಉಳಿದದ್ದು ಹನ್ನೊಂದು ಗಂಟೆ. ಅದರ ಕೆಳಗೆ ಅವನೇ ಬರೆದಿದ್ದ: ‘ಮೊಬೈಲು – ಆರು ಗಂಟೆ.’ ಬರೆಯದೆ ಬಿಡಬಹುದಿತ್ತು. ಬರೆದಿದ್ದಾನೆ. ಆ ಒಂದು ಸಾಲಿಗೆ ನಾವು ಅವನಿಗೆ ಋಣಿ.

ನಮ್ಮ ಕಾಲವನ್ನು ಬೇರೆಯವರು ಅಳೆದು ಕೊಡೋದು ಇವತ್ತಿನದಲ್ಲ ಬಿಡಿ. ಬೇಲೂರಿನ ದೇವಸ್ಥಾನದೊಳಕ್ಕೆ ಹೊಲೆಮಾದಿಗರಿಗೆ ಗೊತ್ತುಪಡಿಸಿದ ಕಾಲದಲ್ಲಿ ಮಾತ್ರ ಪ್ರವೇಶ ಎಂದು ಮೈಸೂರು ಸೀಮೆಯ ಹಳೆಯ ಗೆಜೆಟಿಯರಿನಲ್ಲೇ ಇದೆ. 2023ರಲ್ಲಿ ಬೇಲೂರು ಹಳೇಬೀಡುಗಳು ಯುನೆಸ್ಕೊ ಪಟ್ಟಿಗೆ ಸೇರಿದವು, ಸಂತೋಷ. ನೋಡಲು ಬರುವವರ ಕಾರುಗಳು ಹಾಯುವ ದಾರಿಯಲ್ಲೇ ನಮ್ಮ ಗೆಳೆಯ ಬಸ್ಸಿಗೆ ಕಾಯುತ್ತಾನೆ.

ಇನ್ನೊಂದು ಮಾತು. ಪ್ರತಿ ಏಪ್ರಿಲ್ 14ಕ್ಕೆ ನಮ್ಮದೇ ವೇದಿಕೆಯಲ್ಲಿ ‘ಬಾಬಾಸಾಹೇಬರು ದಿನಕ್ಕೆ ಹದಿನೆಂಟು ಗಂಟೆ ಓದುತ್ತಿದ್ದರು, ನೀವೋ?’ ಅಂತ ಹುಡುಗರನ್ನು ಗದರಿಸುತ್ತೇವೆ. ಅದೇ ಬಾಬಾಸಾಹೇಬರ ಓದು 1917ರಲ್ಲಿ ಅರ್ಧಕ್ಕೆ ನಿಂತದ್ದನ್ನು ಹೇಳುವುದಿಲ್ಲ. ಬರೋಡಾ ಸ್ಕಾಲರ್‌ಶಿಪ್ಪಿನ ಅವಧಿ ಮುಗಿಯಿತು, ಲಂಡನ್ ಬಿಟ್ಟು ವಾಪಸ್ ಬಂದರು. ಮತ್ತೆ ಹೋಗಲು 1920 ಆಯಿತು. ಅದೂ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನ ಸಾಲ ಎಲ್ಲ ಕೂಡಿಸಿ. ಡಿ.ಎಸ್‌ಸಿ. ಪದವಿ 1923ಕ್ಕೆ. ಆ ಮೂರು ವರ್ಷ ಕಳೆದದ್ದು ಸೋಮಾರಿತನದಿಂದಲ್ಲ. ಗಂಟೆಗೆ ಬೆಲೆ ಎಷ್ಟು ಅನ್ನೋದು ಗೊತ್ತಿದ್ದ ಮನುಷ್ಯ ಅವರು. ವೈಸ್‌ರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರ್ಖಾನೆಗಳ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ಮಂಡಿಸಿದರು. ಟೈಮ್ ಮ್ಯಾನೇಜ್‌ಮೆಂಟ್ ಅಂದರೆ ಅದೂ ಹೌದಲ್ಲವೇ?

ಹಾಗಂತ ಬಸ್ಸು ಸರಿಹೋಗಲಿ ಆಮೇಲೆ ಓದೋಣ ಅಂದರೆ ಪರೀಕ್ಷೆ ಹೊರಟುಹೋಗುತ್ತೆ. ಉಳಿದ ಹನ್ನೊಂದು ಗಂಟೆ ನಮ್ಮವು. ಮೊಬೈಲಿನ ಆರರಲ್ಲಿ ಮೂರನ್ನಾದರೂ ಕಿತ್ತುಕೊಂಡರೆ ಹದಿನಾಲ್ಕು. ನಮ್ಮಲ್ಲಿ ಹೆಚ್ಚು ಜನ ಕೂತು ಹೋಗೋದು ಇಂಗ್ಲಿಷಿನಲ್ಲಿ. ಅದನ್ನು ರಾತ್ರಿ ಹತ್ತರ ಮೇಲೆ ಹಿಡಿದರೆ ನಿದ್ದೆಯೇ ಪಾಸಾಗೋದು. ಮೈ ಹಗುರಾಗಿರುವ ಹೊತ್ತು ಯಾವುದೋ ಅದನ್ನು ಅದಕ್ಕೆ ಕೊಡಿ. ಇತಿಹಾಸದ ನೋಟ್ಸನ್ನು ನಿಮ್ಮ ದನಿಯಲ್ಲೇ ಮೊಬೈಲಿಗೆ ಓದಿ ಇಟ್ಟುಕೊಳ್ಳಿ, ಕಂಬಿ ಹಿಡಿದು ನಿಂತಾಗ ಕೇಳಿ. ನಮ್ಮ ಗೆಳೆಯ ಈಗ ಹೀಗೇ ಮಾಡುತ್ತಿದ್ದಾನೆ. ಪಕ್ಕದಲ್ಲಿ ನಿಲ್ಲುವ ಇನ್ನೊಬ್ಬನಿಗೂ ಒಂದು ಕಿವಿ ಕೊಡುತ್ತಾನಂತೆ. ಕಚೇರಿ ಅಲೆದಾಟಕ್ಕೆ ಸರದಿ ಹಾಕಿಕೊಳ್ಳಿ. ಯಾವ ಕಾಗದ ಬೇಕು, ಯಾವ ಕಿಟಕಿ ಅಂತ ಒಬ್ಬ ಹೋಗಿ ತಿಳಿದು ಬಂದು ಹಾಸ್ಟೆಲ್ ಬಾಗಿಲಿಗೆ ಬರೆದು ಹಾಕಲಿ. ಹತ್ತು ಜನ ಹತ್ತು ದಿನ ಕಳೆಯೋದು ತಪ್ಪುತ್ತೆ.

ಮತ್ತೆ ಆ ಲೆಕ್ಕದ ಹಾಳೆ ಬಿಸಾಡಬೇಡಿ, ನಮಗೆ ಕೊಡಿ. ಒಬ್ಬನ ಲೆಕ್ಕ ಅವನ ಗೋಳು. ಒಂದೇ ದಾರಿಯ ಇಪ್ಪತ್ತು ಜನರ ಲೆಕ್ಕ, ಯಾವ ಸ್ಟಾಪಿನಲ್ಲಿ ಯಾವ ಹೊತ್ತಿಗೆ ಎಷ್ಟು ಜನ ನಿಂತಿದ್ದರು ಅಂತ ಬರೆದದ್ದು, ಡಿಪೋ ಮುಂದೆ ಇಡುವ ಮನವಿ. ಹಾಸ್ಟೆಲಿನಲ್ಲಿ ಓದುವ ಕೋಣೆಗೆ ಎಷ್ಟು ಹೊತ್ತಿಗೆ ಬೀಗ ಬೀಳುತ್ತೆ, ಊಟದ ಕ್ಯೂ ಎಷ್ಟು ಹೊತ್ತು, ಅದನ್ನೂ ಬರೆಯಿರಿ. ಹೆಣ್ಣುಮಕ್ಕಳು ನೀರು, ಒಲೆ, ಪಾತ್ರೆಗೆ ಹೋದ ಗಂಟೆ ಬರೆಯಿರಿ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ಟಿಲ್ಲ, ಆದರೆ ಮನೆಯಲ್ಲಿ ರಜಾ ಯಾರೂ ಕೊಟ್ಟಿಲ್ಲ.

ಗೆಳೆಯನ ಹಾಳೆಯಲ್ಲಿ ಇನ್ನೂ ಒಂದು ಸಾಲಿತ್ತು. ಓದಿ ನಮ್ಮ ಮುಖ ಸಣ್ಣದಾಯಿತು. ‘ಸಭೆ – ಐದಕ್ಕೆ ಅಂತ ಹೇಳಿ ಏಳಕ್ಕೆ ಶುರು. ಕೊನೆ ಬಸ್ಸು ಹೋಯಿತು. ಸ್ಟೇಷನ್ನಿನಲ್ಲಿ ಮಲಗಿದೆ.’ ಅದು ನಮ್ಮ ಸಭೆ. ಕರಪತ್ರ ಬರೆದವರೂ ನಾವೇ, ತಡವಾಗಿ ಬಂದವರೂ ನಾವೇ, ಮೈಕು ಸಿಕ್ಕಿತು ಅಂತ ಅರ್ಧ ಗಂಟೆ ಪದ್ಯ ಓದಿದವರೂ ನಾವೇ. ಅವನು ಅರಸೀಕೆರೆ ಪ್ಲಾಟ್‌ಫಾರಮ್ಮಿನಲ್ಲಿ ರೈಲು ಎಣಿಸುತ್ತಾ ಬೆಳಗು ಮಾಡಿದ. ಮಾರನೇ ದಿನ ಅವನಿಗೆ ಟೆಸ್ಟ್ ಇತ್ತು. ನಮಗೆ ಹೇಳಿರಲಿಲ್ಲ.

ಮುಂದಿನ ಸಭೆ ಶನಿವಾರ ಮೂರಕ್ಕೆ. ಭಾನುವಾರ ಇಡುವುದಿಲ್ಲ, ಕಾಫಿ ಮುಗಿಯುವವರೆಗೆ. ಮೂರಕ್ಕೆ ನಾಲ್ಕೇ ಜನ ಇದ್ದರೂ ಶುರು. ಮಾತಾಡುತ್ತಿರುವವರು ಯಾರೇ ಆಗಲಿ, ಐದಕ್ಕೆ ಮೈಕು ಬಂದ್. ಈ ಸಲ ಟೀ ಕಾಸೋದು, ಚಾಪೆ ಮಡಿಸೋದು ಹುಡುಗರ ಸರದಿ.