ಕಂಪ್ಯೂಟರ್ ಮನೆಗೆ ಬಂತು, ಬಳಗ ಚದುರಿತು

ಕಂಪ್ಯೂಟರ್ ಕಲಿಯಲು ಮಂದಿ ಒಂದೆಡೆ ಕೂಡುತ್ತಿದ್ದ ಕಾಲವೊಂದಿತ್ತು. ಯಂತ್ರ ದುಬಾರಿ, ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ, ಕೇಳೋಣವೆಂದರೆ ಬಲ್ಲವರು ವಿರಳ. ಹೀಗಾಗಿ ಆಸಕ್ತರು ತಿಂಗಳಿಗೊಮ್ಮೆ ಸೇರಿ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಇಂಥ ಬಳಗಗಳಿಗೆ ಯೂಸರ್ ಗ್ರೂಪ್ ಎಂದು ಹೆಸರು. ಅಮೆರಿಕದ ಬಾಸ್ಟನ್ನಿನಲ್ಲಿ 1977ರಲ್ಲಿ ಹುಟ್ಟಿದ ಇಂಥದೊಂದು ಸಂಘದ ಸ್ಥಾಪಕ ಜೊನಾಥನ್ ರೋಟನ್‌ಬರ್ಗ್‌ಗೆ ಆಗ ಬರೀ 13 ವರ್ಷ. ಸಾವಿರಾರು ಸದಸ್ಯರಿದ್ದ ಆ ಸಂಘ 1996ರಲ್ಲಿ ಬಾಗಿಲು ಮುಚ್ಚಿತು.

ಬೆಂಗಳೂರಿನ ಕಥೆಯೂ ಬೇರೆಯಲ್ಲ. 90ರ ದಶಕದ ಕೊನೆಗೆ ಅಲ್ಲಿ ಲಿನಕ್ಸ್ ಬಳಗ ಬೆಳೆಯಿತು. ಲಿನಕ್ಸ್ ಎಂದರೆ ಪುಕ್ಕಟೆ ಸಿಗುವ, ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶ. ಟೆಲಿಫೋನ್ ತಂತಿಯ ಅಂದಿನ ಇಂಟರ್ನೆಟ್ಟಿನಲ್ಲಿ ಅದನ್ನು ಇಳಿಸಿಕೊಳ್ಳುವುದು ದಿನಗಟ್ಟಲೆ ಕೆಲಸ. ಸಿ.ಡಿ. ಕೈಯಿಂದ ಕೈಗೆ ದಾಟಬೇಕಿತ್ತು. 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ 2005ರಲ್ಲಿ ಫಾಸ್ ಡಾಟ್ ಇನ್ ಎಂದಾಯಿತು. 2012ರ ನಂತರ ಅದೂ ನಿಂತಿತು. ಬ್ರಾಡ್‌ಬ್ಯಾಂಡ್ ಬಂತು, ಮೊಬೈಲ್ ಬಂತು, ಉತ್ತರ ಅಂಗೈಯಲ್ಲೇ ಸಿಗತೊಡಗಿತು. ಕೂಡುವ ಗರಜೇ ಉಳಿಯಲಿಲ್ಲ.

ಆದರೆ ಗಡಿಭಾಗದಲ್ಲಿ ಆ ಗರಜು ಇನ್ನೂ ತೀರಿಲ್ಲ. ಅಕ್ಕಲಕೋಟ ತಾಲೂಕಿನ ಮೈಂದರ್ಗಿಯಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. 2001ರಲ್ಲಿ ಮಹಾರಾಷ್ಟ್ರದಲ್ಲಿ ಎಂಎಸ್-ಸಿಐಟಿ ಕೋರ್ಸು ಶುರುವಾದ ಮೇಲೆ ಕನ್ನಡ ಮನೆಗಳ ಹುಡುಗರೂ ಕಂಪ್ಯೂಟರ್ ಮುಂದೆ ಕೂತರು. ಛಲೋ ಆಯಿತು. ಆದರೆ ಅದು ಕ್ಲಾಸು, ಬಳಗವಲ್ಲ. ಸರ್ಟಿಫಿಕೇಟು ಕೈಗೆ ಬಂದಲ್ಲಿಗೆ ಕಲಿಕೆ ಮುಗಿಯಿತು. ಕನ್ನಡದಲ್ಲಿ ಟೈಪು ಮಾಡೋದನ್ನ ಯಾರು ಕಲಿಸಬೇಕು?

ಶೇಷಾದ್ರಿವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಹಳೇ ಫಾಂಟಿನಲ್ಲಿ ಹೊಡೆದ ಲಗ್ನಪತ್ರಿಕೆಯನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಬರೀ ಗೀಚು ಕಾಣುತ್ತಿತ್ತು. ಯುನಿಕೋಡ್ ಆ ತೊಡಕು ಬಿಡಿಸಿತು. ಇಂದು ಸಾದಾ ಸ್ಮಾರ್ಟ್‌ಫೋನಿನಲ್ಲೂ ಕನ್ನಡ ಕೀಲಿಮಣೆ ಪುಕ್ಕಟೆ ಸಿಗುತ್ತದೆ. ಆದರೂ 'ಆರಾಮ ಇದ್ದೀರಿ?' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುವವರು ಬಹಳ. ಕೀಲಿಮಣೆ ಎಲ್ಲಿದೆ ಎಂದು ತೋರಿಸುವವರು ಬೇಕಷ್ಟೆ.

ಯೂಟ್ಯೂಬ್ ನೋಡಿದರೆ ಸಾಕಲ್ಲ ಎನ್ನುವವರಿದ್ದಾರೆ. ಖರೆ, ಏನು ಕೇಳಬೇಕೆಂದು ಗೊತ್ತಿದ್ದವರಿಗೆ ಸಾಕು. ಕನ್ನಡವಷ್ಟೇ ಬಲ್ಲ ಅಜ್ಜಿಗೆ ಬ್ಯಾಂಕಿನ ಹೆಸರಲ್ಲಿ ಇಂಗ್ಲಿಷ್ ಸಂದೇಶ ಬಂದರೆ ಏನು ಮಾಡಬೇಕು? ಎದುರಿಗೆ ಸಿಕ್ಕವರ ಕೈಗೆ ಮೊಬೈಲ್ ಕೊಟ್ಟು, ಓಟಿಪಿಯನ್ನೂ ಹೇಳಿಬಿಡುತ್ತಾರೆ. ಹೊಲದ ಸಾತಬಾರಾ ಉತಾರ ಆನ್‌ಲೈನಿನಲ್ಲೇ ಸಿಗುತ್ತದೆ, ಆದರೆ ಮರಾಠಿ ಓದಲು ಬಾರದ ರೈತ ಅದಕ್ಕೂ ಮತ್ತೊಬ್ಬರ ಕೈ ಕಾಯುತ್ತಾನೆ. ಬಳಗವಿದ್ದಲ್ಲಿ ಕೇಳಲು ನಾಚಿಕೆಯಿಲ್ಲ, ಕಮಿಷನ್ನೂ ಇಲ್ಲ.

ತಮಿಳುನಾಡಿನ ಕಾಂಚೀಪುರದಲ್ಲಿ ಲಿನಕ್ಸ್ ಬಳಗವೊಂದು ರವಿವಾರಕ್ಕೊಮ್ಮೆ ಸೇರಿ ತಮಿಳಿನಲ್ಲೇ ಕಲಿಸುವ ರೂಢಿ ಬೆಳೆಸಿತು. ಅದು ಮಹಾನಗರವೇನಲ್ಲ. ಗಡಿಭಾಗದ ಕನ್ನಡ ಶಾಲೆಗಳೂ ವಾಚನಾಲಯಗಳೂ ತಿಂಗಳಿಗೊಂದು ರವಿವಾರ ಎರಡು ತಾಸು ಬಾಗಿಲು ತೆರೆದರೆ ಸಾಕು. ಕಾಲೇಜು ಹುಡುಗರು ಕಲಿಸಲಿ, ಹಿರಿಯರು ಕೇಳಲಿ. ಮೊದಲ ಪಾಠ ಮೊಬೈಲಿನಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುವುದಿರಲಿ. ಎರಡನೆಯದು, ಓಟಿಪಿ ಯಾರಿಗೂ ಹೇಳದಿರುವುದು. ಇದಕ್ಕೆ ಅನುದಾನ ಬೇಕಿಲ್ಲ, ಎರಡೂ ಸರ್ಕಾರಗಳ ದಾರಿ ಕಾಯಬೇಕಿಲ್ಲ.