ಕರುಳು ಎದ್ದಿತೇ?

ಆಪರೇಷನ್ ಆದವರನ್ನು ಡಾಕ್ಟರು ದಿನವೂ "ಗ್ಯಾಸ್ ಹೋಯಿತೇ?" ಎಂದು ಕೇಳಿದರೆ ನಗಬೇಡಿ. ಕತ್ತರಿ ಬಿದ್ದ ಕರುಳಷ್ಟೇ ಅಲ್ಲ, ಕೈ ತಾಗಿದ ಕರುಳೂ ಮಂಕಾಗಿ ಮಲಗಿಬಿಡುತ್ತದೆ. ಸಣ್ಣ ಕರುಳು ಸಾಮಾನ್ಯವಾಗಿ 24 ಗಂಟೆಯೊಳಗೆ ಏಳುತ್ತದೆ. ಜಠರಕ್ಕೆ 1-2 ದಿನ, ದೊಡ್ಡ ಕರುಳಿಗೆ 2-3 ದಿನ. ಅದು ಎದ್ದ ಸುದ್ದಿಯೇ ಆ ಗ್ಯಾಸು! ಹೊಲಿದ ಜಾಗದಲ್ಲಂತೂ ಸ್ನಾಯುವಿನ ಅಲೆ ತುಂಡಾಗಿರುತ್ತದೆ. ಹೊಲಿಗೆ ದಾಟಿ ನರದ ಎಳೆಗಳು ಚಿಗುರುವುದು ವಾರಗಟ್ಟಲೆಯ ಕೆಲಸವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಊರಿಂದ ಬಂದ, ಕನ್ನಡವೊಂದೇ ಬಲ್ಲ ಅಜ್ಜಿ ಹೊಟ್ಟೆ ಉಬ್ಬಿದರೂ ನಾಚಿ ಸುಮ್ಮನಿದ್ದಾರು. ಉಬ್ಬರ, ವಾಂತಿ ಕಂಡರೆ ನರ್ಸಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ಕೂಡಲೇ ತಿಳಿಸಬೇಕಾದವರು ನೀವೇ. ಡಾಕ್ಟರು ಒಪ್ಪಿದರೆ ಚ್ಯೂಯಿಂಗ್ ಗಮ್ ಅಗಿಯಲು ಕೊಡಿ. ಊಟ ಬಂತೆಂದು ಮೋಸಹೋಗಿ ಕರುಳು ಬೇಗ ಏಳುವುದುಂಟು. ಅಜ್ಜಿ ಒಪ್ಪಬೇಕಲ್ಲ!