ಎಳ್ಳಿನ ಹೆಸರಿನ ಒಂದು ಯಂತ್ರ

ಪ್ರತಿ ಸಂಚಿಕೆಯಲ್ಲೂ ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟರಾಲ್ ಎಂದು ಹೆದರಿಸುವ ಈ ಡಾಕ್ಟರು ಹಬ್ಬದ ಸಂಚಿಕೆಯಲ್ಲಾದರೂ ನಮ್ಮನ್ನು ನೆಮ್ಮದಿಯಾಗಿ ಎಳ್ಳು ಬೆಲ್ಲ ತಿನ್ನಲು ಬಿಡಬಾರದೇ ಎಂದು ಸಂಘದ ಕೆಲವರು ಸಂಪಾದಕರಲ್ಲಿ ದೂರು ಕೊಟ್ಟಿದ್ದಾರಂತೆ. ದೂರು ನ್ಯಾಯವಾದದ್ದೇ. ಆದ್ದರಿಂದ ಈ ಸಲ ಬೆಲ್ಲದ ವಿಷಯ ಎತ್ತುವುದಿಲ್ಲ. ಬರೀ ಎಳ್ಳಿನ ಮಾತು.

ನಾವಿರುವ ಗಲ್ಫ್‌ನಿಂದ ವಿಮಾನದಲ್ಲಿ ಮೂರು ನಾಲ್ಕು ಗಂಟೆ ಹಾರಿದರೆ ಜೋರ್ಡಾನ್. ಅದರ ರಾಜಧಾನಿ ಅಮ್ಮಾನಿನಿಂದ ಸ್ವಲ್ಪ ದೂರದಲ್ಲಿ ಅಲ್ಲಾನ್ ಎಂಬ ಊರು. ಅಲ್ಲಿ ಒಂದು ದೊಡ್ಡ ವಿಜ್ಞಾನ ಯಂತ್ರವಿದೆ. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ ‘ಸೆಸಮಿ’ ಆಗುತ್ತದೆ, ಅಂದರೆ ನಮ್ಮ ಎಳ್ಳು. ಅಲಿಬಾಬಾನ ಗುಹೆಯ ಬಾಗಿಲು ತೆರೆಸಿದ ಮಂತ್ರದಲ್ಲಿದ್ದ ಹೆಸರೂ ಅದೇ. ಈ ಯಂತ್ರವನ್ನು ಪಾಲುಗಾರರಾಗಿ ಕಟ್ಟಿ ಮುಗಿಸಿದವರು ಯಾರು ಗೊತ್ತೇ? ಜೋರ್ಡಾನ್, ಈಜಿಪ್ಟ್, ಟರ್ಕಿ, ಸೈಪ್ರಸ್, ಪಾಕಿಸ್ತಾನ, ಪ್ಯಾಲೆಸ್ಟೈನ್, ಇರಾನ್ ಮತ್ತು ಇಸ್ರೇಲ್! ಟರ್ಕಿ ಸೈಪ್ರಸ್ ಸರ್ಕಾರವನ್ನು ಮಾನ್ಯ ಮಾಡಿಲ್ಲ. ಇರಾನ್, ಪಾಕಿಸ್ತಾನಗಳು ಇಸ್ರೇಲನ್ನು ಮಾನ್ಯ ಮಾಡಿಲ್ಲ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲಾಗದ ಇಂಥವರು ಸೇರಿ ಒಂದು ಯಂತ್ರ ಇಟ್ಟುಕೊಂಡಿದ್ದಾರೆ ಎಂದರೆ ನಂಬುವುದು ಕಷ್ಟ.

ಇದು ಪರಮಾಣು ಭೌತಶಾಸ್ತ್ರದ ಮನೆತನದಲ್ಲಿ ಹುಟ್ಟಿದ ಯಂತ್ರ. ಹಾಗೆಂದ ಕೂಡಲೇ ಬಾಂಬಿನ ನೆನಪಾಗುವುದು ಸಹಜ. ಆದರೆ ಇಲ್ಲಿ ರಿಯಾಕ್ಟರ್ ಇಲ್ಲ, ಯುರೇನಿಯಂ ಇಲ್ಲ. 133 ಮೀಟರ್ ಸುತ್ತಳತೆಯ ಬಳೆಯಂಥ ಕೊಳವೆಯೊಳಗೆ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಸುತ್ತುತ್ತವೆ. ಅಯಸ್ಕಾಂತಗಳು ಅವುಗಳನ್ನು ತಿರುವಿನಲ್ಲಿ ಬಾಗಿಸಿದಾಗ ಅವು ಬೆಳಕನ್ನು ಚೆಲ್ಲುತ್ತವೆ. ಈ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಎಕ್ಸ್‌ರೇ ಕಿರಣಗಳೂ ಇರುತ್ತವೆ, ಆಸ್ಪತ್ರೆಯ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಪ್ರಖರವಾದವು. ಇಂಥ ಯಂತ್ರಕ್ಕೆ ಸಿಂಕ್ರೊಟ್ರಾನ್ ಎಂದು ಹೆಸರು.

ಇದರಿಂದ ನಮಗೇನು ಪ್ರಯೋಜನ ಎಂದು ಕೇಳುವವರಿಗೆ ವೈದ್ಯನಾಗಿ ಒಂದು ಉದಾಹರಣೆ ಕೊಡುತ್ತೇನೆ. ನಾನು ಬರೆದುಕೊಡುವ ಎರಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್ ಮಾತ್ರೆಗಳು ರೋಗಾಣುವಿನೊಳಗಿನ ರೈಬೊಸೋಮ್ ಎಂಬ ಪ್ರೋಟೀನ್ ಕಾರ್ಖಾನೆಯನ್ನು ಕೆಡಿಸುತ್ತವೆ. ಎಂ.ಬಿ.ಬಿ.ಎಸ್. ಓದುವಾಗ ಇದನ್ನು ನಾವು ಬಾಯಿಪಾಠ ಮಾಡಿದ್ದೆವು. ಆದರೆ ಆ ಮಾತ್ರೆಗಳು ರೈಬೊಸೋಮಿನ ಯಾವ ಮೂಲೆಯಲ್ಲಿ ಹೋಗಿ ಕೂರುತ್ತವೆ ಎಂದು ಒಂದೊಂದು ಅಣುವಿನ ಮಟ್ಟದಲ್ಲಿ ಕಂಡದ್ದು ಸಿಂಕ್ರೊಟ್ರಾನಿನ ಕಿರಣಗಳಿಂದ. ರೈಬೊಸೋಮಿನ ರಚನೆಯನ್ನು ಬಿಡಿಸಿದ್ದಕ್ಕೆ 2009ರ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ನಮ್ಮ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್, ಇನ್ನೊಬ್ಬರು ಇಸ್ರೇಲಿನ ಆಡಾ ಯೋನಾಥ್, ಮತ್ತೊಬ್ಬರು ಅಮೆರಿಕದ ಥಾಮಸ್ ಸ್ಟೈಟ್ಜ್. ಇಂಥ ಯಂತ್ರ ಹತ್ತಿರದಲ್ಲಿಲ್ಲದ ದೇಶದ ಹುಡುಗ ಹುಡುಗಿಯರು ಒಂದೋ ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲೇ ಉಳಿಯಬೇಕು, ಇಲ್ಲವೇ ಆ ವಿದ್ಯೆಯನ್ನೇ ಬಿಡಬೇಕು. ಊರು ಬಿಟ್ಟು ಬಂದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರದೇಶಕ್ಕೆ ಒಂದು ಸಿಂಕ್ರೊಟ್ರಾನ್ ಬೇಕೆಂದು 1980ರ ದಶಕದಲ್ಲೇ ಹೇಳಿದವರು ಪಾಕಿಸ್ತಾನದ ನೊಬೆಲ್ ವಿಜ್ಞಾನಿ ಅಬ್ದುಸ್ ಸಲಾಂ. ಮಾದರಿ ಕಣ್ಣ ಮುಂದೆಯೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಒಬ್ಬರನ್ನೊಬ್ಬರು ಸುಟ್ಟುಕೊಂಡ ಯೂರೋಪಿನ ದೇಶಗಳು 1954ರಲ್ಲಿ, ಹನ್ನೆರಡು ಜನ ಸೇರಿ, ಜಿನೀವಾ ಬಳಿ ಸರ್ನ್ ಸಂಸ್ಥೆಯನ್ನು ಕಟ್ಟಿಕೊಂಡಿದ್ದವು. ಒಬ್ಬರ ಕೈಯಲ್ಲಿ ಆಗದ ಖರ್ಚು, ಹಂಚಿಕೊಂಡರೆ ಆದೀತು ಎನ್ನುವುದು ಅವರ ಲೆಕ್ಕ. 1995ರ ನವೆಂಬರಿನಲ್ಲಿ ಇಟಲಿಯ ಸೆರ್ಜಿಯೋ ಫುಬಿನಿ, ಇಸ್ರೇಲಿನ ಎಲಿಯೆಜರ್ ರಬಿನೊವಿಚಿ ಎಂಬ ಇಬ್ಬರು ಭೌತಶಾಸ್ತ್ರಜ್ಞರು ಈಜಿಪ್ಟಿನ ದಹಾಬ್‌ನಲ್ಲಿ, ಅಲೆಮಾರಿಗಳ ಡೇರೆಯೊಂದರಲ್ಲಿ, ಅರಬ್ ಮತ್ತು ಇಸ್ರೇಲಿ ವಿಜ್ಞಾನಿಗಳನ್ನು ಒಟ್ಟಿಗೆ ಕೂರಿಸಿದರು. ಇಸ್ರೇಲಿನ ಪ್ರಧಾನಿ ರಬಿನ್ ಕೊಲೆಯಾಗಿ ಕೆಲವೇ ದಿನಗಳಾಗಿದ್ದವು. ಡೇರೆಯಲ್ಲಿದ್ದವರೆಲ್ಲ ಎದ್ದು ನಿಂತು ಮೌನ ಆಚರಿಸಿದರು.

ಯಂತ್ರ ಸಿಕ್ಕಿದ್ದು ಮಾತ್ರ ನಮ್ಮ ಮಧ್ಯಮ ವರ್ಗದ ರೀತಿಯಲ್ಲೇ, ಅಂದರೆ ಸೆಕೆಂಡ್ ಹ್ಯಾಂಡ್! ಬರ್ಲಿನ್ನಿನಲ್ಲಿ ಬೆಸ್ಸಿ ಎಂಬ ಹಳೆಯ ಸಿಂಕ್ರೊಟ್ರಾನನ್ನು ಮುಚ್ಚುವವರಿದ್ದರು. ಅದನ್ನು ಗುಜರಿಗೆ ಹಾಕುವ ಬದಲು ಮಧ್ಯಪ್ರಾಚ್ಯಕ್ಕೆ ಕೊಡಬಾರದೇ ಎಂದು 1997ರಲ್ಲಿ ಅಮೆರಿಕದ ಹರ್ಮನ್ ವಿನಿಕ್ ಮತ್ತು ಜರ್ಮನಿಯ ಗುಸ್ತಾವ್ ಫಾಸ್ ಕೇಳಿದರು. ಜರ್ಮನಿ ಒಪ್ಪಿತು. ಎಲ್ಲಿ ಇಡುವುದು ಎಂಬುದಕ್ಕೆ ಒಂದು ಮುಖ್ಯ ಷರತ್ತು, ಎಲ್ಲ ಸದಸ್ಯ ದೇಶಗಳ ವಿಜ್ಞಾನಿಗಳಿಗೂ ಬಂದು ಹೋಗಲು ಬಿಡುವ ದೇಶವಾಗಿರಬೇಕು. ಜೋರ್ಡಾನ್ ಜಾಗ ಮತ್ತು ಕಟ್ಟಡ ಎರಡನ್ನೂ ಕೊಟ್ಟಿತು. ಸರ್ನ್‌ನಂತೆಯೇ ಯುನೆಸ್ಕೋ ನೆರಳಿನಲ್ಲಿ 2004ರಲ್ಲಿ ಸಂಸ್ಥೆ ಅಧಿಕೃತವಾಯಿತು. ಸರ್ನ್‌ನ ಮುಖ್ಯಸ್ಥರಾಗಿ ನಿವೃತ್ತರಾದ ಹರ್ವಿಗ್ ಶಾಪರ್, ಕ್ರಿಸ್ ಲುವೆಲಿನ್ ಸ್ಮಿತ್, ರೋಲ್ಫ್ ಹಾಯರ್ ಒಬ್ಬರ ನಂತರ ಒಬ್ಬರು ಇಲ್ಲಿನ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಬರ್ಲಿನ್ನಿನ ಹಳೆಯ ಯಂತ್ರ ಎಲೆಕ್ಟ್ರಾನುಗಳಿಗೆ ಮೊದಲ ವೇಗ ಕೊಡುವ ಭಾಗವಾಯಿತು, ಅದರ ಸುತ್ತ ಹೊಸ ಬಳೆ ಬಂತು. ಹೊಸ ಬಳೆಯ ಅಯಸ್ಕಾಂತಗಳ ಹೊಣೆಯನ್ನು ಸರ್ನ್ ಹೊತ್ತುಕೊಂಡಿತು, ಹಣ ಐರೋಪ್ಯ ಒಕ್ಕೂಟದ್ದು. ಕೆಲವು ಭಾಗಗಳು ತಯಾರಾದದ್ದು ಸೈಪ್ರಸ್, ಪಾಕಿಸ್ತಾನ, ಟರ್ಕಿ, ಇಸ್ರೇಲಿನ ಕಾರ್ಖಾನೆಗಳಲ್ಲಿ.

ಕಷ್ಟಗಳಿಗೇನೂ ಕೊರತೆಯಿರಲಿಲ್ಲ. ಸಂಸ್ಥೆಯ ಸಭೆಗಳಿಗೆ ಬರುತ್ತಿದ್ದ ಇರಾನಿನ ಇಬ್ಬರು ಭೌತಶಾಸ್ತ್ರಜ್ಞರು, ಮಸೂದ್ ಅಲಿಮೊಹಮ್ಮದಿ ಮತ್ತು ಮಜೀದ್ ಶಹರಿಯಾರಿ, 2010ರಲ್ಲಿ ತೆಹರಾನಿನಲ್ಲಿ ಬಾಂಬಿಗೆ ಬಲಿಯಾದರು. 2013ರ ಡಿಸೆಂಬರಿನಲ್ಲಿ ಹಿಮ ಬಿದ್ದು ಕಟ್ಟಡದ ಛಾವಣಿಯೇ ಕುಸಿಯಿತು. ಇರಾನ್ ತನ್ನ ಪಾಲಿನ ಹಣ ಕೊಡಬೇಕೆಂದರೂ ಆರ್ಥಿಕ ದಿಗ್ಬಂಧನದಿಂದಾಗಿ ಕಳಿಸುವ ದಾರಿಯಿಲ್ಲ. ಊರಿಗೆ ಹಣ ಕಳಿಸಲು ಎಕ್ಸ್‌ಚೇಂಜ್ ಮುಂದೆ ಸಾಲು ನಿಂತ ನಮಗೆ ಈ ಪಾಡು ಸ್ವಲ್ಪ ಅರ್ಥವಾಗುತ್ತದೆ. ಇಷ್ಟೆಲ್ಲದರ ನಡುವೆ 2017ರ ಮೇ 16ರಂದು ದೊರೆ ಎರಡನೆಯ ಅಬ್ದುಲ್ಲಾ ಉದ್ಘಾಟನೆ ಮಾಡಿದರು. ಆಮೇಲೆ ಕರೆಂಟ್ ಬಿಲ್ಲಿನ ಚಿಂತೆ! 2019ರಲ್ಲಿ 6.5 ಮೆಗಾವ್ಯಾಟ್ ಸೌರ ವಿದ್ಯುತ್ ಘಟಕ ಬಂದ ಮೇಲೆ ಆ ಹೊರೆ ಇಳಿಯಿತು. ಮರುಭೂಮಿಯಲ್ಲಿ ಬಿಸಿಲಿಗೆ ಬರವೇ?

ನಮ್ಮ ಭಾರತದ ವಿಷಯ ಕೇಳುತ್ತೀರಿ. ಇಂದೋರಿನಲ್ಲಿ ಇಂಡಸ್-2 ಎಂಬ ನಮ್ಮದೇ ಸಿಂಕ್ರೊಟ್ರಾನ್ ಇದೆ, ಸೆಸಮಿಯಷ್ಟೇ ಶಕ್ತಿಯದು. ಇಟಲಿಯ ಟ್ರಿಯೆಸ್ಟೆಯಲ್ಲಿರುವ ಎಲೆಟ್ರಾ ಯಂತ್ರದಲ್ಲಿ ಬೆಂಗಳೂರಿನ ಐಐಎಸ್‌ಸಿ ಸಹಭಾಗಿಯಾಗಿ ಕಟ್ಟಿದ ಎರಡು ಕಿರಣಮಾರ್ಗಗಳಿವೆ. ಸರ್ನ್‌ನಲ್ಲಿ ಪಾಕಿಸ್ತಾನ 2015ರಿಂದ, ಭಾರತ 2017ರಿಂದ ಸಹಸದಸ್ಯರು. ಅಂದರೆ ಲಾಹೋರಿನ ಹುಡುಗನೂ ಬೆಂಗಳೂರಿನ ಹುಡುಗಿಯೂ ಒಂದೇ ಯಂತ್ರದಲ್ಲಿ ಕೆಲಸ ಮಾಡಬಹುದು, ಆದರೆ ಅದಕ್ಕೆ ಇಬ್ಬರೂ ಜಿನೀವಾಕ್ಕೆ ಹೋಗಬೇಕು! ನಮ್ಮ ಉಪಖಂಡದ ನೆಲದಲ್ಲಿ ಇಬ್ಬರಿಗೂ ಪಾಲಿರುವ ಇಂಥದ್ದೊಂದು ಯಂತ್ರವಿಲ್ಲ. ಇದು ನನ್ನನ್ನು ಕಾಡುತ್ತದೆ. ನಮ್ಮ ಆಸ್ಪತ್ರೆಯ ರೇಡಿಯಾಲಜಿ ವಿಭಾಗದಲ್ಲಿ ಪೇಶಾವರದವರು, ಕೈರೋದವರು, ಮಂಗಳೂರಿನವರು ಒಂದೇ ಸಿ.ಟಿ. ಯಂತ್ರದ ಮುಂದೆ ಕೂತು ದಿನವೂ ವಾದ ಮಾಡುತ್ತಾರೆ. ವಾದ ಪೂರ್ತಿ ರೋಗಿಯ ಶ್ವಾಸಕೋಶದ ಬಗ್ಗೆ.

ಹಾಗಾದರೆ ಸೆಸಮಿಯಿಂದ ಶಾಂತಿ ಬಂತೇ? ಇಲ್ಲ. 2025ರ ಜೂನಿನಲ್ಲಿ ಇಸ್ರೇಲ್ ಮತ್ತು ಇರಾನ್ ಹನ್ನೆರಡು ದಿನ ಯುದ್ಧ ಮಾಡಿದವು, ಕ್ಷಿಪಣಿಗಳು ಜೋರ್ಡಾನಿನ ಆಕಾಶದಲ್ಲೇ ಹಾದುಹೋದವು. ಆಗಲೂ ಎರಡೂ ದೇಶಗಳು ಈ ಯಂತ್ರದ ಪಾಲುಗಾರರೇ. ಇದನ್ನು ಶಾಂತಿಯ ಮಂತ್ರದಂಡವೆಂದು ಹೊಗಳುವ ಭಾಷಣಗಳು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಅದನ್ನು ಕಟ್ಟಿದವರು ಸ್ನೇಹವನ್ನು ನಂಬಿ ಕೂರಲಿಲ್ಲ, ಜಗಳ ಇದ್ದೇ ಇರುತ್ತದೆ ಎಂದುಕೊಂಡೇ ನಿಯಮ ಬರೆದರು. ಯಾರಿಗೆ ಎಷ್ಟು ಹೊತ್ತು ಯಂತ್ರ ಸಿಗಬೇಕೆಂದು ನಿರ್ಧರಿಸುವಾಗ ತಜ್ಞರ ಸಮಿತಿ ಮೊದಲು ನೋಡುವುದು ಪ್ರಯೋಗದ ಗುಣವನ್ನು.

ಈಗ ಅಲ್ಲಿ ಬಂದವರು ಉಳಿಯಲು ಆವರಣದಲ್ಲೇ ಅತಿಥಿಗೃಹವಿದೆ. ಇಟಲಿಯ ಹಣದಲ್ಲಿ ಕಟ್ಟಿದ ಅದಕ್ಕೆ, ಡೇರೆಯಲ್ಲಿ ಎಲ್ಲರನ್ನೂ ಕೂರಿಸಿದ ಫುಬಿನಿಯ ಹೆಸರನ್ನೇ ಇಟ್ಟಿದ್ದಾರೆ. ಅವರು 2005ರಲ್ಲೇ ತೀರಿಕೊಂಡರು, ಯಂತ್ರ ಬೆಳಕು ಚೆಲ್ಲಿದ್ದನ್ನು ನೋಡಲಿಲ್ಲ.